ಹಳೇ ದೊಡ್ಡಿ ಜಾಗದಲ್ಲಿ ಸಿಕ್ಕ ಕಬ್ಬಿಣ: ಇವು ಏನು? ಒಂದು ಬಳೆ ಕರಗಿಹೋಯ್ತು!

ಎರೆಹೊಲ:
ಎಲ್ಲರಿಗೂ ನಮಸ್ಕಾರ. ಕುಷ್ಟಗಿ ಕಡೆ ನಮ್ಮ ಹೊಲದಲ್ಲಿ ಮುತ್ತಜ್ಜನ ಕಾಲದ ದೊಡ್ಡಿ ಇತ್ತು. ಈಗ ಗೋಡೆಯ ಗುರುತಷ್ಟೇ ಉಳಿದಿದೆ. ಕೃಷಿಹೊಂಡ ತೋಡಿಸುವಾಗ ಮೂರಡಿ ಆಳದಲ್ಲಿ ಇವು ಸಿಕ್ಕವು: ಎರಡಡಿ ಉದ್ದದ ಪಟ್ಟಿ, ಒಂದು ಅಂಚು ತೆಳು. ಬೆರಳುದ್ದದ ಅರ್ಧಚಂದ್ರದಂಥ ತಗಡು, ಅದರಲ್ಲಿ ತೂತುಗಳು. ಎರಡು ದಪ್ಪ ಬಳೆ. ಜೊತೆಗೆ ಗುಳ್ಳೆಗುಳ್ಳೆ ಕರಿ ಗಟ್ಟಿಗಳು.

ಗೆಳೆಯರು ಪಟ್ಟಿ ನೋಡಿ "ವಿಜಯನಗರದ ಕತ್ತಿ, ಆನೆಗೊಂದಿ ನಮ್ಮ ಜಿಲ್ಲೆಯಲ್ಲೇ ಇದೆಯಲ್ಲ" ಅಂತಾರೆ. ಇಷ್ಟು ಆಳದಲ್ಲಿತ್ತು ಅಂದರೆ ಹಳೇದೇ ಅಲ್ವಾ?

ಇನ್ನೊಂದು ಎಡವಟ್ಟು. ತುಕ್ಕು ಬಿಡಿಸೋಣ ಅಂತ ವಿಡಿಯೋ ನೋಡಿ ಒಂದು ಬಳೆಯನ್ನು ಉಪ್ಪುನೀರಲ್ಲಿಟ್ಟು ಬ್ಯಾಟರಿ ಚಾರ್ಜರ್ ಕೊಟ್ಟೆ. ಬೆಳಗ್ಗೆ ನೋಡಿದರೆ ಬಳೆ ಸಣಕಲಾಗಿದೆ, ಇನ್ನೊಂದು ವೈರಿಗೆ ಕಟ್ಟಿದ್ದ ಹಳೇ ಕುಡುಗೋಲು ಮಾತ್ರ ಫಳಫಳ.

ವೈರ್‌ಮನ್:
ವೈರ್ ತಿರುಗಾಮುರುಗಾ ಆಗಿದೆ. ತೊಳೆಯಬೇಕಾದ ವಸ್ತು ಮೈನಸ್‌ಗೆ, ಹಾಳಾದರೂ ಪರವಾಗಿಲ್ಲ ಅನ್ನೋ ಕಬ್ಬಿಣ ಪ್ಲಸ್‌ಗೆ. ಪ್ಲಸ್‌ಗೆ ಕಟ್ಟಿದ್ದು ಕರಗುತ್ತದೆ. ಉಪ್ಪು ಬೇಡವೇ ಬೇಡ, ವಾಷಿಂಗ್ ಸೋಡಾ ಹಾಕಿ, ಲೀಟರ್ ನೀರಿಗೆ ಒಂದು ಚಮಚ ಸಾಕು. ಪ್ಲಸ್‌ಗೆ ಸ್ಟೀಲ್ ಚಮಚ, ತಟ್ಟೆ ಕಟ್ಟಬೇಡಿ, ಅದರ ಕ್ರೋಮಿಯಂ ನೀರಿಗೆ ಬಿಟ್ಟು ವಿಷವಾಗುತ್ತದೆ. ಏಳುವ ಗುಳ್ಳೆ ಹೈಡ್ರೋಜನ್, ಬಯಲಲ್ಲೇ ಮಾಡಿ, ಹತ್ತಿರ ಬೀಡಿ ಹಚ್ಚಬೇಡಿ.

ಕುಲುಮೆಮನೆ:
ತಮ್ಮಾ, ಎರೆಮಣ್ಣಲ್ಲಿ ಆಳ ನೋಡಿ ವಯಸ್ಸು ಹೇಳೋಕಾಗಲ್ಲ. ಬೇಸಿಗೆಯಲ್ಲಿ ನೆಲ ಬಿರಿದು ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೇಲಿದ್ದದ್ದು ಒಳಗೆ ಬೀಳುತ್ತದೆ, ಮಳೆಗೆ ಬಿರುಕು ಮುಚ್ಚಿಕೊಳ್ಳುತ್ತದೆ. ಆಳ ಬಿಟ್ಟು ಸವೆತ ನೋಡಬೇಕು.

ಪಟ್ಟಿಗೆ ಹಿಡಿಯ ಜಾಗ ಇದೆಯೇ? ಕತ್ತಿಗೆ ಒಂದು ಕಡೆ ಹಿಡಿ, ಇನ್ನೊಂದು ಕಡೆ ಮೊನೆ. ಎರಡೂ ತುದಿ ಒಂದೇ ತರ ಇದ್ದು, ಮಣ್ಣು ಕೊರೆದು ಒಂದೇ ಅಂಚು ಸವೆದಿದ್ದರೆ ಅದು ಕುಂಟೆಯ ಕುಡ, ಅಂದರೆ ಕಳೆ ತೆಗೆಯಲು ಎತ್ತು ಎಳೆಯುವ ಕುಂಟೆಯ ಕೆಳಗಿನ ಕಬ್ಬಿಣದ ಅಲಗು. ನಮ್ಮಪ್ಪ ಎಷ್ಟು ಕುಡ ಕಾಸಿ ಬಡಿದಿದ್ದಾನೋ ಲೆಕ್ಕವಿಲ್ಲ.

ಅರ್ಧಚಂದ್ರದ್ದು ಎತ್ತಿನ ಲಾಳ. ಎತ್ತಿನ ಗೊರಸು ಸೀಳಿರುವುದರಿಂದ ಕಾಲಿಗೆ ಎರಡೆರಡು ಬೇಕು, ಒಂದು ಎತ್ತಿಗೆ ಎಂಟು. ಕುದುರೆಯದಾದರೆ ಒಂದೇ ತುಂಡು. ಬಳೆಗಳು ಬಂಡಿ ಗಾಲಿಯ ನಡುವಿನ ಗುಂಬದವು ಅನಿಸುತ್ತದೆ. ಉಳಿದದ್ದರ ಒಳಮೈ ನುಣ್ಣಗಿದ್ದರೆ ಗಾಲಿ ತಿರುಗುವ ಅಚ್ಚಿಗೆ ಉಜ್ಜಿದ್ದು. ಕರಿ ಗಟ್ಟಿ ಕಬ್ಬಿಣದ ಕಿಟ್ಟ, ಅಂದರೆ ಕಬ್ಬಿಣ ಕಾಸುವಾಗ ಉಳಿಯುವ ಕಸ. ಸುತ್ತ ಇದ್ದಿಲು, ಬೂದಿ ಇದೆಯಾ? ಇದ್ದರೆ ನಿಮ್ಮ ದೊಡ್ಡಿಯಲ್ಲಿ ಕುಲುಮೆ ಹೂಡಿದ್ದರು.

ವೆಲ್ಡಿಂಗ್ ಗುರುತು, ತಿರುಪಿನ ಬೋಲ್ಟ್ ಇದ್ದರೆ ತೀರಾ ಹಳೇದಲ್ಲ.

ಬೆಟ್ಟದಬದಿ:
ಒಂದು ಎಚ್ಚರಿಕೆ. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡ, ರಾಯಚೂರಿನ ಮಸ್ಕಿ, ಎರಡರಲ್ಲೂ ಕಬ್ಬಿಣಯುಗದ ನೆಲೆ ಇದೆ. ಹಾಗಾಗಿ ಮಡಕೆ ಚೂರು ಗಮನಿಸಿ. ಒಳಮೈ ಮತ್ತು ಬಾಯಿಯ ಸುತ್ತ ಕಪ್ಪು, ಕೆಳಗೆ ಕೆಂಪು ಇರುವ ಚೂರುಗಳು ಅಥವಾ ದುಂಡಗೆ ನಿಲ್ಲಿಸಿದ ಕಲ್ಲುಗಳು ಕಂಡರೆ ಅಗೆಯುವುದು ನಿಲ್ಲಿಸಿ ತಹಸೀಲ್ದಾರರಿಗೆ ತಿಳಿಸಿ. ನೆಲದಲ್ಲಿ ಸಿಕ್ಕ ಬೆಲೆಬಾಳುವ ವಸ್ತು ತಿಳಿಸಲೇಬೇಕು ಅಂತ 1878ರಲ್ಲೇ ನಿಧಿ ಕಾಯ್ದೆ ಬಂದಿದೆ. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತು ಪುರಾತನ ವಸ್ತು. ಅಂಥದ್ದು ಅನುಮಾನ ಬಂದರೆ ತೊಳೆಯಲೂ ಬೇಡಿ.

ಎರೆಹೊಲ:
ಮಡಕೆ ಚೂರು ಎಲ್ಲಾ ಮಾಮೂಲಿ ಕೆಂಪು, ಒಂದರ ಮೇಲೆ ಪಿಂಗಾಣಿ ಬಣ್ಣದ ಹೂವು. ಪಟ್ಟಿಯನ್ನು ಅಜ್ಜಿಗೆ ತೋರಿಸಿದೆ. "ಕುಂಟಿ ಕುಡ ಅದು, ನಿಮ್ಮಜ್ಜ ಕಳಕೊಂಡು ನನ್ನ ಮ್ಯಾಲೆ ಹಾಕಿದ್ದ" ಅಂತ ಇವತ್ತೂ ಸಿಟ್ಟಾದಳು. ಬೂದಿಯೂ ಸಿಕ್ಕಿತು, ಅಣ್ಣಾ. ಉಳಿದ ಬಳೆಯ ಒಳಮೈ ನುಣ್ಣಗಿದೆ, ಮೈನಸ್‌ಗೆ ಕಟ್ಟಿದ್ದೇನೆ. ಕರಿ ಕೆಸರು ಬಿಡುತ್ತಿದೆ, ಅದು ಸರಿನಾ?

ವೈರ್‌ಮನ್:
ಸರಿ. ಬ್ರಶ್ಶಲ್ಲಿ ಉಜ್ಜಿ, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚಿ.