ಅಡುಗೆ ಕಟ್ಟೆಗೂ ಬಾತ್‌ರೂಮಿಗೂ ಬಿಳಿ ಮಾರ್ಬಲ್ ಹಾಕಿಸಬಹುದಾ?

ಪ್ರಶ್ನೆ: ನಮಸ್ಕಾರ ಸರ್. ಮೈಸೂರಿನಲ್ಲಿ ನಮ್ಮದು ಇಪ್ಪತ್ತು ವರ್ಷದ ಹಳೇ ಮನೆ. ಅಡುಗೆಮನೆ ಮತ್ತು ಒಂದು ಬಾತ್‌ರೂಮ್ ಹೊಸದಾಗಿ ಮಾಡಿಸುತ್ತಿದ್ದೇವೆ. ಈಗಿರುವ ಕಟ್ಟೆ ಕಪ್ಪು ಗ್ರಾನೈಟಿನದು, ಗಟ್ಟಿಯಾಗೇ ಇದೆ. ಆದರೆ ಅಡುಗೆಮನೆ ಕತ್ತಲೆ ಕತ್ತಲೆ. ಅದಕ್ಕೇ ಬಿಳಿ ಮಾರ್ಬಲ್ ಆಸೆ. ಅಂಗಡಿಯವರು "ಸೀಲರ್ ಹೊಡೆದರೆ ಏನೂ ಆಗಲ್ಲ" ಅಂತಾರೆ. ನಮ್ಮತ್ತೆ ಬೇಡವೇ ಬೇಡ ಅಂತಿದ್ದಾರೆ. ಬಾತ್‌ರೂಮಿನ ನೆಲ, ಗೋಡೆಗೂ ಅದನ್ನೇ ಹಾಕಿಸೋಣ ಅಂತಿದ್ದೀವಿ. ನೀರು ಬೋರ್‌ವೆಲ್‌ದು. ಏನು ಹೇಳ್ತೀರಿ?

ಉತ್ತರ: ಮೇಡಂ, ಕಟ್ಟೆ ವಿಷಯದಲ್ಲಿ ನಾನು ನಿಮ್ಮತ್ತೆ ಕಡೆ.

ಮಾರ್ಬಲ್ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಕಲ್ಲಿನ ವಂಶ. ಹುಳಿ ಬಿದ್ದ ಕಡೆ ಕಲ್ಲೇ ಕರಗುತ್ತದೆ. ನಮ್ಮ ಅಡುಗೆಯಲ್ಲಿ ಹುಳಿ ಇಲ್ಲದ ದಿನ ಯಾವುದು ಹೇಳಿ? ಹುಣಸೆ ರಸ, ಟೊಮೆಟೊ, ಮಜ್ಜಿಗೆ. ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡುವಾಗ ನಾಲ್ಕು ಹನಿ ಬಿದ್ದು ಸ್ವಲ್ಪ ಹೊತ್ತು ಹಾಗೇ ಇದ್ದರೆ ಸಾಕು, ಅಲ್ಲಿ ಹೊಳಪು ಹೋಯಿತು. ಅದು ಕಲೆ ಅಲ್ಲ, ಉಜ್ಜಿದರೆ ಹೋಗುವುದಿಲ್ಲ. ಮತ್ತೆ ಪಾಲಿಶ್ ಹೊಡೆಸಬೇಕು.

ಅಂಗಡಿಯವರು ಹೇಳಿದ್ದು ಅರ್ಧ ನಿಜ. ಎಣ್ಣೆ, ಅರಿಶಿನ, ಕಾಫಿ ಬೇಗ ಒಳಗೆ ಇಳಿಯದಂತೆ ಸೀಲರ್ ತಡೆಯುತ್ತದೆ. ಹುಳಿ ಕಲ್ಲನ್ನು ತಿನ್ನುವುದನ್ನು ತಡೆಯುವುದಿಲ್ಲ. ಅನುಮಾನ ಇದ್ದರೆ ಪಾಲಿಶ್ ಮಾಡಿದ ಒಂದು ತುಂಡು ಕೇಳಿ ತನ್ನಿ, ಅವರ ಕೈಯಿಂದಲೇ ಸೀಲರ್ ಹಚ್ಚಿಸಿ. ರಾತ್ರಿ ಅದರ ಮೇಲೆ ಅರ್ಧ ನಿಂಬೆಹೋಳು ಬೋರಲು ಹಾಕಿಡಿ. ಬೆಳಿಗ್ಗೆ ತೊಳೆದು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನಿಮ್ಮ ಯಜಮಾನರಿಗೂ ತೋರಿಸಿ.

ಗೀರಿನ ಕಾಟ ಬೇರೆ. ಕಲ್ಲಿನ ಗಡಸುತನ ಅಳೆಯುವ ಮೋಸ್ ಲೆಕ್ಕದಲ್ಲಿ (1ರಿಂದ 10) ಮಾರ್ಬಲ್ ಸುಮಾರು 3, ಗ್ರಾನೈಟ್ 6ರಿಂದ 7. ಸ್ಟೀಲ್ ಪಾತ್ರೆ ಎಳೆದಾಡಿದರೂ ಮಾರ್ಬಲ್ ಮೇಲೆ ಗೆರೆ ಬೀಳುತ್ತದೆ.

ಗಟ್ಟಿ ಇರುವ ಕಟ್ಟೆ ಒಡೆಯೋದೇ ಯಾಕೆ? ಪಕ್ಕದ ಚಾಮರಾಜನಗರದ ಕಪ್ಪು ಕಲ್ಲನ್ನು ಹೊರದೇಶದವರು ಹಡಗಿನಲ್ಲಿ ತರಿಸಿಕೊಳ್ಳುತ್ತಾರೆ. ಕಟ್ಟೆಗೆ ಮತ್ತೆ ಪಾಲಿಶ್ ಮಾಡಿಸಿ, ಗೋಡೆಗೆ ಬಿಳಿ ಟೈಲ್ಸ್ ಹಾಕಿಸಿ, ಮೇಲಿನ ಕಪಾಟಿನ ಕೆಳಗೆ ಒಂದು ಎಲ್‌ಇಡಿ ಪಟ್ಟಿ ಕೂರಿಸಿ. ಕತ್ತಲೆ ಹೋಗುತ್ತದೆ. ಬಿಳಿ ಕಟ್ಟೆಯೇ ಬೇಕೆಂದರೆ ಕ್ವಾರ್ಟ್ಜ್ ನೋಡಬಹುದು, ಕಲ್ಲಿನ ಪುಡಿಯನ್ನು ರೆಸಿನ್ ಎಂಬ ಅಂಟಿನಲ್ಲಿ ಕಲಸಿ ಕಾರ್ಖಾನೆಯಲ್ಲಿ ಮಾಡುವ ಸ್ಲ್ಯಾಬ್ ಅದು. ರೆಸಿನ್ ಹೆಚ್ಚು ಬಿಸಿ ತಡೆಯುವುದಿಲ್ಲ, ಹಾಗಾಗಿ ಒಲೆಯಿಂದ ಇಳಿಸಿದ ಕುಕ್ಕರ್ ನೇರವಾಗಿ ಇಡುವ ಹಾಗಿಲ್ಲ.

ಬಾತ್‌ರೂಮಿಗೆ ನಿಜವಾದ ಪ್ರಶ್ನೆ ನಿಮ್ಮ ಬೋರ್‌ವೆಲ್. ನಲ್ಲಿ ಸುತ್ತ ಬಿಳಿ ಪೊರೆ ಕಟ್ಟುತ್ತದಲ್ಲಾ, ಅದೂ ಹೆಚ್ಚಿನಂಶ ಕ್ಯಾಲ್ಸಿಯಂ ಕಾರ್ಬೊನೇಟೇ. ಪೊರೆ ತೆಗೆಯಲು ಆಸಿಡ್ ಹಾಕಿದರೆ ಯಾವುದು ಪೊರೆ, ಯಾವುದು ಕಲ್ಲು ಅಂತ ಆಸಿಡ್‌ಗೆ ಗೊತ್ತಾಗಲ್ಲ, ಎರಡನ್ನೂ ತಿನ್ನುತ್ತದೆ. ಕೆಲಸದವರು ಒಂದು ಸಲ ಆಸಿಡ್ ಬಾಟಲಿ ಎತ್ತಿದರೆ ಮುಗೀತು. ಕಮೋಡ್ ತೊಳೆಯುವ ದ್ರವಗಳಲ್ಲೂ ಸಾಮಾನ್ಯವಾಗಿ ಆಸಿಡ್ ಇರುತ್ತದೆ. ಹಾಗಾಗಿ ಸ್ನಾನ ಮಾಡುವ ಜಾಗಕ್ಕೆ, ನೆಲಕ್ಕೆ ಮಾರ್ಬಲ್ ಬೇಡ, ಜಾರದ ಟೈಲ್ಸ್ ಹಾಕಿಸಿ. ವಾಶ್‌ಬೇಸಿನ್ ಹಿಂದಿನ ಗೋಡೆ, ನೀರು ಹೆಚ್ಚು ಸಿಡಿಯದ ಕಡೆ, ಧಾರಾಳವಾಗಿ ಹಾಕಿಸಿ.

ಪ್ರಶ್ನೆ: ಥ್ಯಾಂಕ್ಸ್ ಸರ್, ಅತ್ತೆಗೆ ಓದಿ ಹೇಳಿದೆ, ಭಾರೀ ಖುಷಿ ಅವರಿಗೆ! ಸರಿ, ಬೇಸಿನ್ ಗೋಡೆಗೆ ಮಾತ್ರ ಮಾರ್ಬಲ್. ಮಕ್ರಾನಾ ತಗೊಳ್ಳೋದಾ, ಇಟಾಲಿಯನ್ನಾ? ಹಳೇ ಟೈಲ್ಸ್ ಮೇಲೇ ಸಿಮೆಂಟ್ ಹಾಕಿ ಅಂಟಿಸ್ತೀನಿ ಅಂತಾರೆ ಮೇಸ್ತ್ರಿ.

ಉತ್ತರ: ಮೇಸ್ತ್ರಿಗೆ ಮೊದಲು ಬೇಡ ಅನ್ನಿ. 18 ಮಿಲಿಮೀಟರ್ ದಪ್ಪದ ಮಾರ್ಬಲ್ ಚದರ ಅಡಿಗೆ ಸುಮಾರು 4.5 ಕೆಜಿ ತೂಗುತ್ತದೆ. ಇಪ್ಪತ್ತು ವರ್ಷದ ಟೈಲ್ಸ್ ಎಲ್ಲೆಲ್ಲಿ ಪೊಳ್ಳಾಗಿದೆಯೋ ಯಾರಿಗೆ ಗೊತ್ತು? ಅದೆಲ್ಲ ಕಿತ್ತು, ಗೋಡೆ ಸಮ ಮಾಡಿಸಿ. ನೆಲದ ಟೈಲ್ಸ್ ಹೇಗೂ ತೆಗೆಸುತ್ತೀರಿ, ಅಲ್ವಾ? ಆಗಲೇ ವಾಟರ್‌ಪ್ರೂಫಿಂಗ್ ಮಾಡಿಸಿ, ನೆಲಕ್ಕೆ ನೀರು ಕಟ್ಟಿ 48 ಗಂಟೆ ಬಿಡಿ. ಕೆಳಗಿನ ಸೀಲಿಂಗ್ ಒದ್ದೆಯಾಗಿಲ್ಲ ಅಂತ ನೋಡಿಕೊಂಡೇ ಮುಂದಿನ ಕೆಲಸ. ಸುಮ್ನೆ "ಆಯ್ತು ಸಾರ್" ಅಂದರೆ ಒಪ್ಪಬೇಡಿ.

ಬಿಳಿ ಕಲ್ಲಿಗೆ ಬೂದು ಸಿಮೆಂಟ್ ಬೇಡ, ಅದರ ಬಣ್ಣ ಕಲ್ಲಿನಲ್ಲಿ ಮಬ್ಬಾಗಿ ಕಾಣುತ್ತದೆ. ಬಿಳಿ ಅಡ್ಹೆಸಿವ್ ತರಿಸಿ. ನಾಲ್ಕು ಮೂಲೆಗೆ ಮುದ್ದೆ ಇಟ್ಟು ಅಂಟಿಸಲು ಬಿಡಬೇಡಿ, ಕಲ್ಲಿನ ಹಿಂಭಾಗ ಪೂರ್ತಿ ಹಚ್ಚಬೇಕು. ಇಟಾಲಿಯನ್ ಸ್ಲ್ಯಾಬ್ ಹಿಂದೆ ಸಾಮಾನ್ಯವಾಗಿ ಫೈಬರ್ ಬಲೆ ಇರುತ್ತದೆ. ಸಿಮೆಂಟಿನ ಅಡ್ಹೆಸಿವ್ ಹಿಡಿಯುವುದು ಆ ಬಲೆಯನ್ನು, ಕಲ್ಲನ್ನಲ್ಲ. ಅಲ್ಲಿ ಎಪಾಕ್ಸಿ (ಎರಡು ಭಾಗ ಕಲಸಿ ಹಚ್ಚುವ ರೆಸಿನ್ ಅಂಟು) ಬಳಸಬೇಕು.

ಇಷ್ಟು ಚಿಕ್ಕ ಗೋಡೆಗೆ ನನ್ನ ಓಟು ಮಕ್ರಾನಾಗೆ. ರಾಜಸ್ಥಾನದ ಈ ಕಲ್ಲಿನಲ್ಲೇ ತಾಜಮಹಲ್ ಆಗಿದ್ದು, ಕೋಲ್ಕತ್ತಾದ ವಿಕ್ಟೋರಿಯಾ ಮೆಮೋರಿಯಲ್ ಕೂಡ. ಒಳ್ಳೇ ಮಕ್ರಾನಾ ನೀರು ಕುಡಿಯುವುದು ಕಡಿಮೆ. ಆದರೆ ಬಿಳಿ ಇದ್ದದ್ದೆಲ್ಲ ಮಕ್ರಾನಾ ಅಲ್ಲ, ಬಿಲ್ಲಿನಲ್ಲಿ ಹೆಸರು ಬರೆಸಿಕೊಳ್ಳಿ. ಸ್ಲ್ಯಾಬ್ ಮೇಲೆ ನೀರು ಸುರಿದು ಒಣಗುವವರೆಗೆ ನಿಂತು ನೋಡಿ. ಸೀಳು ಇರುವ ಕಡೆ ತೇವದ ಗೆರೆ ಕೊನೆಗೆ ಆರುತ್ತದೆ. ಎಲ್ಲಾ ಸ್ಲ್ಯಾಬ್ ಒಂದೇ ಲಾಟಿನದಿರಲಿ. ಒಡೆಯುವುದು, ಕತ್ತರಿಸುವುದು ಸೇರಿ ಶೇ. 10 ಜಾಸ್ತಿ ತನ್ನಿ. ಆಮೇಲೆ ಅದೇ ಬಣ್ಣ ಸಿಗುವುದು ಕಷ್ಟ.

ಇನ್ನೊಬ್ಬ ಸದಸ್ಯರು: ಸರ್, ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಮನೇಲಿ ಗ್ರೀನ್ ಮಾರ್ಬಲ್ ಹಾಕಿದ್ರು. ಕೆಲವು ತುಂಡುಗಳ ಮೂಲೆ ಎದ್ದು ಬಂದಿದೆ. ಕೆಲಸ ಕೆಟ್ಟದ್ದಾ, ಕಲ್ಲು ಕೆಟ್ಟದ್ದಾ?

ಉತ್ತರ: ಬಹುಶಃ ಕಲ್ಲೂ ಕೆಟ್ಟದ್ದಲ್ಲ, ಕೈಯೂ ಕೆಟ್ಟದ್ದಲ್ಲ, ಅಂಟು ತಪ್ಪು. ಗ್ರೀನ್ ಮಾರ್ಬಲ್ ಅಂತ ಮಾರುವುದರಲ್ಲಿ ಬಹಳಷ್ಟು ಸರ್ಪೆಂಟೈನ್ ಜಾತಿಯ ಕಲ್ಲು. ಸಿಮೆಂಟಿನ ನೀರು ಹಿಂದಿನಿಂದ ಹೀರಿಕೊಂಡರೆ ಅದು ಬಾಗುತ್ತದೆ. ನೀರಿಲ್ಲದ ಎಪಾಕ್ಸಿಯಲ್ಲೇ ಅಂಟಿಸಬೇಕಿತ್ತು. ಎದ್ದ ತುಂಡುಗಳನ್ನು ತಟ್ಟಿ ಕೂರಿಸಲು ಹೋಗಬೇಡಿ, ಮುರಿಯುತ್ತವೆ. ತೆಗೆದು ಬದಲಾಯಿಸಿ.

ಪ್ರಶ್ನೆ: ಕೊನೇದು ಸರ್, ಸೀಲರ್ ಎಷ್ಟು ದಿನಕ್ಕೊಮ್ಮೆ?

ಉತ್ತರ: ಕ್ಯಾಲೆಂಡರ್ ನೋಡಬೇಡಿ, ಕಲ್ಲು ನೋಡಿ. ನೆಲದ ಮಾರ್ಬಲ್ ಆದರೆ ಒಂದು ಚಮಚ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಿ ನೋಡುತ್ತೇವೆ, ಕೆಳಗೆ ಕಪ್ಪಗಾಗಿದ್ದರೆ ಮತ್ತೆ ಸೀಲರ್. ನಿಮ್ಮದು ಗೋಡೆ, ಹಾಗಾಗಿ ಒದ್ದೆ ಬಟ್ಟೆ ಒತ್ತಿ ಹಿಡಿದು ನೋಡಿ. ಮೊದಲ ಸಲ ಮಾತ್ರ ಅವಸರ ಮಾಡಬೇಡಿ. ಹಿಂದಿನ ಅಡ್ಹೆಸಿವ್ ಪೂರ್ತಿ ಒಣಗದೆ ಸೀಲರ್ ಹೊಡೆದರೆ ತೇವ ಒಳಗೇ ಸಿಕ್ಕಿಕೊಂಡು ಕಲ್ಲು ಮಚ್ಚೆ ಮಚ್ಚೆಯಾಗುತ್ತದೆ.