ಎರಡು ವರ್ಷದ ಟ್ರಮಡಾಲ್ ಬಿಡಬೇಕು, ಬೆನ್ನುನೋವು ಹಾಗೇ ಇದೆ: ಬಲ್ಲವರು ಹೇಳಿದ್ದು

ಕೇಳಿದ್ದು: ಸೊಂಟದ ಡಿಸ್ಕ್ ತೊಂದರೆಗೆ ಎರಡು ವರ್ಷದಿಂದ ಟ್ರಮಡಾಲ್ 50 ಮಿ.ಗ್ರಾಂ. ಕ್ಯಾಪ್ಸೂಲ್ ನಡೆಯುತ್ತಿದೆ. ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು, ರಾತ್ರಿ ಎರಡು. ಮಲಗುವಾಗ ಆಲ್‌ಪ್ರಜೋಲಮ್ (ಗಾಬರಿ ತಗ್ಗಿಸಿ ನಿದ್ರೆ ತರಿಸುವ ಮಾತ್ರೆ) ಕೂಡ ಇದೆ. ಒಮ್ಮೆಗೇ ನಿಲ್ಲಿಸಿ ನೋಡಿದೆ. ಮರುದಿನವೇ ಬೆವರು, ಭೇದಿ, ನಡುಕ, ಬೆನ್ನುನೋವಂತೂ ಮೊದಲಿಗಿಂತ ಜಾಸ್ತಿ. ಮತ್ತೆ ಶುರು ಮಾಡಬೇಕಾಯಿತು. ಬಿಡಲು ಸರಿಯಾದ ಕ್ರಮ ಯಾವುದು? ಬಿಟ್ಟ ಮೇಲೆ ನೋವಿಗೆ ಏನು ಮಾಡುವುದು?

ಫಾರ್ಮಸಿಸ್ಟ್ ಒಬ್ಬರು:

ಇನ್ನೊಮ್ಮೆ ಹಾಗೆ ಒಮ್ಮೆಗೇ ನಿಲ್ಲಿಸಲು ಹೋಗಬೇಡಿ. ನಿಮಗಾದದ್ದು ಚಟದ ಲಕ್ಷಣ ಅಲ್ಲ, ಮನೋಬಲದ ಕೊರತೆಯೂ ಅಲ್ಲ. ಎರಡು ವರ್ಷ ದಿನವೂ ಒಪಿಯಾಯ್ಡ್ (ಅಫೀಮಿನ ಬಗೆಯ ನೋವಿನ ಔಷಧಿ) ತೆಗೆದುಕೊಂಡ ಯಾರ ದೇಹವಾದರೂ ಅದಕ್ಕೆ ಒಗ್ಗಿಹೋಗಿರುತ್ತದೆ. ಟ್ರಮಡಾಲ್‌ನಲ್ಲಿ ಇನ್ನೊಂದು ತೊಡಕಿದೆ. ಅದು ಒಪಿಯಾಯ್ಡ್ ಆಗಿಯೂ ಕೆಲಸ ಮಾಡುತ್ತದೆ, ಕೆಲವು ಖಿನ್ನತೆಯ ಔಷಧಿಗಳಂತೆ ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ಮಿದುಳಿನ ರಾಸಾಯನಿಕಗಳನ್ನೂ ಹೆಚ್ಚಿಸುತ್ತದೆ. ಹಾಗಾಗಿ ತಟ್ಟನೆ ಬಿಟ್ಟಾಗ ಬೆವರು, ಭೇದಿಯ ಜೊತೆಗೆ ಕೆಲವರಿಗೆ ವಿಪರೀತ ಗಾಬರಿ, ಕೈಕಾಲು ಜುಮುಗುಟ್ಟುವುದು, ಗೊಂದಲ ಕೂಡ ಬರುತ್ತವೆ.

ವೇಗದ ಲೆಕ್ಕ ಹೀಗೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡವರಿಗೆ ತಿಂಗಳಿಗೆ ಶೇ. 10 ಅಥವಾ ಅದಕ್ಕಿಂತ ನಿಧಾನವಾಗಿ ಇಳಿಸಿದರೆ ಹೆಚ್ಚು ಸಹನೀಯ ಎಂದು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2022ರ ಮಾರ್ಗಸೂಚಿಯಲ್ಲಿ ಹೇಳಿದೆ. ನಿಮ್ಮ 300 ಮಿ.ಗ್ರಾಂ.ನಲ್ಲಿ ಶೇ. 10 ಅಂದರೆ 30. ಆದರೆ ನಿಮ್ಮ ಕೈಯಲ್ಲಿರುವುದು 50ರ ಕ್ಯಾಪ್ಸೂಲ್. ಒಂದು ಬಿಟ್ಟರೆ ಒಮ್ಮೆಗೇ ಶೇ. 17 ಇಳಿದಂತೆ. ಮೇಲಿನ ಹಂತದಲ್ಲಿ ಕೆಲವರು ಇದನ್ನು ತಡೆದುಕೊಳ್ಳುತ್ತಾರೆ. ಕೆಳಗೆ ಬಂದಂತೆ ಅದೇ 50 ದುಬಾರಿಯಾಗುತ್ತದೆ: 100ರಿಂದ 50ಕ್ಕೆ ಇಳಿಯುವುದೆಂದರೆ ಅರ್ಧಕ್ಕೆ ಅರ್ಧ. ಬಹಳ ಜನ ಕೊನೆಯ ಎರಡು ಕ್ಯಾಪ್ಸೂಲಿನಲ್ಲೇ ಸಿಕ್ಕಿಕೊಳ್ಳುವುದು ಇದಕ್ಕೇ.

ಆದ್ದರಿಂದ ಡಾಕ್ಟರ ಹತ್ತಿರ ನಡುವೆ ಗೀರು ಇರುವ ಸಾದಾ 50ರ ಮಾತ್ರೆ ಅಥವಾ ಟ್ರಮಡಾಲ್ ಹನಿ ಬರೆಸಿಕೊಳ್ಳಿ. ಆಗ 25ರ ಮೆಟ್ಟಿಲು ಸಾಧ್ಯ. ಮೊದಲು ಮಧ್ಯಾಹ್ನದ್ದು: 100-75-100. ನಾಲ್ಕು ವಾರ ಕಳೆದ ಮೇಲೆ 75-75-100, ಮತ್ತೆ ನಾಲ್ಕು ವಾರಕ್ಕೆ 75-75-75. ಪ್ರತಿ ಸುತ್ತಿನಲ್ಲೂ ರಾತ್ರಿಯದು ಕೊನೆಗೆ, ನಿದ್ರೆ ಕೆಟ್ಟರೆ ಉಳಿದದ್ದೆಲ್ಲ ಕೆಡುತ್ತದೆ. ಮೂರು ಹೊತ್ತನ್ನು 25-25-25 ಬರುವವರೆಗೂ ಉಳಿಸಿಕೊಳ್ಳಿ. ಮೊದಲೇ ಒಂದು ಹೊತ್ತನ್ನು ಪೂರ್ತಿ ಬಿಟ್ಟರೆ ನಡುವಿನ ಅಂತರ ಉದ್ದವಾಗಿ, ದಿನವೂ ಒಂದಿಷ್ಟು ಹೊತ್ತು ವಿತ್‌ಡ್ರಾಯಲ್ (ಔಷಧಿ ಕಡಿಮೆಯಾದಾಗ ಬರುವ ಬೆವರು, ಭೇದಿ, ನಡುಕದಂಥ ಲಕ್ಷಣಗಳು) ಅನುಭವಿಸಬೇಕಾಗುತ್ತದೆ. ದಿನದ ಒಟ್ಟು 75 ತಲುಪಿದ ಮೇಲೆ ಎರಡು ಹೊತ್ತು, ಆಮೇಲೆ ರಾತ್ರಿ ಮಾತ್ರ. 100ರ ಕೆಳಗೆ ಹನಿ ಇದ್ದರೆ ಹನ್ನೆರಡೂವರೆಯಂತೆ ಇಳಿಸಬಹುದು. ಒಟ್ಟು ಒಂದು ವರ್ಷ ಅಥವಾ ತುಸು ಹೆಚ್ಚೇ ಹಿಡಿಯುತ್ತದೆ. ಅದು ಸಹಜ.

ಎಸ್‌ಆರ್ ಎಂದು ಬರೆದಿರುವ ಮಾತ್ರೆಯನ್ನು ಮಾತ್ರ ಮುರಿಯಬೇಡಿ, ಪುಡಿ ಮಾಡಬೇಡಿ. ತಾಸುಗಟ್ಟಲೆ ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧಿ ಒಟ್ಟಿಗೇ ರಕ್ತಕ್ಕೆ ಇಳಿಯುತ್ತದೆ. ಹನಿಯ ಸಾಂದ್ರತೆ ಒಂದೊಂದು ಕಂಪನಿಯದು ಒಂದೊಂದು ಥರ. ಬಾಟಲಿ ಬದಲಾದಾಗಲೆಲ್ಲ ಎಷ್ಟು ಹನಿಗೆ ಎಷ್ಟು ಮಿ.ಗ್ರಾಂ. ಎಂದು ಕೇಳಿ, ಬರೆಸಿಕೊಂಡು ಬನ್ನಿ.

ನೋವು ಚಿಕಿತ್ಸಾ ವಿಭಾಗದ ನರ್ಸ್ ಒಬ್ಬರು:

ಲೆಕ್ಕ ಸರಿಯಿದೆ. ಆದರೆ ಜನ ಸೋಲುವುದು ಲೆಕ್ಕದಲ್ಲಲ್ಲ, ಡೋಸ್ ಇಳಿಸಿದ ಮೊದಲ ವಾರದಲ್ಲಿ. ಆಗ ಬೆನ್ನು ಜೋರಾಗಿ ನೋಯುತ್ತದೆ. "ನೋಡಿ, ಮಾತ್ರೆ ಇಲ್ಲದೆ ನನಗೆ ಆಗುವುದಿಲ್ಲ" ಎಂದುಕೊಂಡು ಹಳೆಯ ಡೋಸ್‌ಗೆ ಹೋಗಿಬಿಡುತ್ತಾರೆ. ಆ ನೋವಿನಲ್ಲಿ ಬಹುಪಾಲು ವಿತ್‌ಡ್ರಾಯಲ್‌ನದ್ದೇ. ಡಿಸ್ಕ್ ಕೆಟ್ಟಿದೆ ಎಂದು ಅದರ ಅರ್ಥವಲ್ಲ. ವಿತ್‌ಡ್ರಾಯಲ್‌ನಲ್ಲಿ ನರಮಂಡಲ ಕೆರಳಿರುತ್ತದೆ, ಇದ್ದ ನೋವೇ ದೊಡ್ಡದಾಗಿ ಕೇಳುತ್ತದೆ, ಮೈಕೈ ನೋವೂ ಸೇರಿಕೊಳ್ಳುತ್ತದೆ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಗ್ಗುತ್ತದೆ. ನಾಲ್ಕು ವಾರದ ಅಂತರ ಇಟ್ಟುಕೊಳ್ಳುವುದೇ ಇದಕ್ಕಾಗಿ. ಮೊದಲ ವಾರ ಕಳೆಯುವ ಮುನ್ನ ಯಾವ ತೀರ್ಮಾನವನ್ನೂ ಮಾಡಬೇಡಿ.

ಸಾದಾ ಟ್ರಮಡಾಲ್‌ನಂಥ ಅಲ್ಪಾವಧಿಯ ಔಷಧಿಯಲ್ಲಿ ಕೊನೆಯ ಡೋಸ್ ಆಗಿ 8ರಿಂದ 24 ಗಂಟೆಯೊಳಗೆ ಲಕ್ಷಣ ಶುರು: ಆಕಳಿಕೆ, ಕಣ್ಣು ಮೂಗಿನಲ್ಲಿ ನೀರು, ಬೆವರು, ಮೈಮೇಲೆ ಗುಳ್ಳೆಯೆದ್ದಂತೆ ನವಿರೇಳುವುದು, ಹೊಟ್ಟೆ ನುಲಿಯುವುದು, ಕಾಲನ್ನು ಒಂದು ಕಡೆ ಇಡಲಾಗದ ಚಡಪಡಿಕೆ. ಎರಡು ಮೂರನೆಯ ದಿನಕ್ಕೆ ಶಿಖರ ಮುಟ್ಟಿ, ಆಮೇಲೆ ಇಳಿಮುಖ. ನಿಧಾನವಾಗಿ ಇಳಿಸಿದಾಗ ಇವೆಲ್ಲ ಸೌಮ್ಯವಾಗಿಯೇ ಬಂದು ಹೋಗಬೇಕು. ಜೋರಾಗಿದ್ದರೆ ಮೆಟ್ಟಿಲು ದೊಡ್ಡದಾಯಿತು ಎಂದೇ ತಿಳಿಯಿರಿ.

ಆಗ ಏನು ಮಾಡಬೇಕು? ಅದೇ ಡೋಸ್‌ನಲ್ಲಿ ನಿಲ್ಲಿ. ಇನ್ನೂ ನಾಲ್ಕು ವಾರ, ಬೇಕಾದರೆ ಎಂಟು ವಾರ. ನಿಲ್ಲುವುದರಲ್ಲಿ ಸೋಲಿಲ್ಲ. ಮೇಲೆ ಕೆಳಗೆ ಹೋಗಿ ಬರುವುದರಿಂದ ಮಾತ್ರ ದೇಹಕ್ಕೆ ಹೊಂದಿಕೊಳ್ಳಲು ಅವಕಾಶವೇ ಸಿಗುವುದಿಲ್ಲ. ತಡೆಯಲಾಗದಷ್ಟು ಕಷ್ಟವಾದರೆ ಡಾಕ್ಟರನ್ನು ಕೇಳಿ, ಮುಂದಿನ ಮೆಟ್ಟಿಲನ್ನು ಚಿಕ್ಕದು ಮಾಡಿಸಿಕೊಳ್ಳಿ.

ಒಂದು ನೋಟ್‌ಬುಕ್ ಇಡಿ. ವಾರಕ್ಕೊಮ್ಮೆ ಮೂರೇ ಅಂಕಿ, 0ರಿಂದ 10ರೊಳಗೆ: ಈ ವಾರದ ಸರಾಸರಿ ನೋವು, ಬದುಕಿನ ಖುಷಿಗೆ ನೋವು ಎಷ್ಟು ಅಡ್ಡಿಯಾಯಿತು, ದಿನದ ಕೆಲಸಕ್ಕೆ ಎಷ್ಟು ಅಡ್ಡಿಯಾಯಿತು. ದಿನದಿನದ ಏರಿಳಿತಕ್ಕಿಂತ ತಿಂಗಳ ಸಾಲು ನೋಡಿದರೆ ನಿಜ ಕಾಣುತ್ತದೆ. ನೋವಿನ ಅಂಕಿ ಅಲ್ಲೇ ಇದ್ದು ಉಳಿದೆರಡು ಇಳಿಯುತ್ತಿದ್ದರೂ ನೀವು ಮುಂದೆ ಹೋಗುತ್ತಿದ್ದೀರಿ.

ಭೇದಿಯಾದರೆ ಓಆರ್‌ಎಸ್. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಭೇದಿ ನಿಲ್ಲಿಸುವ ಲೊಪೆರಮೈಡ್ ತೆಗೆದುಕೊಳ್ಳಬಹುದು, ಆದರೆ ವೈದ್ಯರನ್ನು ಕೇಳದೆ ದಿನಕ್ಕೆ 8 ಮಿ.ಗ್ರಾಂ. ದಾಟಬೇಡಿ. ವಿತ್‌ಡ್ರಾಯಲ್ ತಣಿಸಲು ಅದನ್ನೇ ಹಿಡಿತುಂಬ ನುಂಗುವವರಿದ್ದಾರೆ, ಹೃದಯದ ಬಡಿತ ತಪ್ಪಿ ಜೀವ ಹೋಗಿದೆ. ಬೆವರು, ಚಡಪಡಿಕೆಗೆ ಡಾಕ್ಟರು ಕ್ಲೊನಿಡೀನ್ (ಬಿಪಿ ಇಳಿಸುವ ಔಷಧಿ) ಕೊಟ್ಟರೆ ಪ್ರತಿ ಡೋಸ್‌ಗೆ ಮುಂಚೆ ಬಿಪಿ ನೋಡಿ. 90/60ಕ್ಕಿಂತ ಕಡಿಮೆಯಿದ್ದರೆ ಆ ಡೋಸ್ ಬೇಡ, ಫೋನ್ ಮಾಡಿ. ಅದನ್ನೂ ತಟ್ಟನೆ ನಿಲ್ಲಿಸಬಾರದು, ಬಿಪಿ ಜಿಗಿಯುತ್ತದೆ.

ಮಲಬದ್ಧತೆಗೆ ಔಷಧಿ ನಡೆಯುತ್ತಿದ್ದರೆ ಟ್ರಮಡಾಲ್ ಇಳಿದ ಹಾಗೆ ಅದನ್ನೂ ಇಳಿಸಿ. ಇದು ಮರೆತುಹೋಗಿ, ಭೇದಿಯೆಲ್ಲ ವಿತ್‌ಡ್ರಾಯಲ್ ಅಂದುಕೊಳ್ಳುವುದುಂಟು.

ಫಿಸಿಯೋಥೆರಪಿಸ್ಟ್ ಒಬ್ಬರು:

ವ್ಯಾಯಾಮವನ್ನು ಮಾತ್ರೆ ಬಿಟ್ಟ ಮೇಲೆ ಅಲ್ಲ, ಮೊದಲ ಇಳಿಕೆಗೆ ಒಂದು ತಿಂಗಳು ಮುಂಚೆ ಶುರು ಮಾಡಿ. ಈಗಿರುವ ಡೋಸ್‌ನ ಆಸರೆಯಲ್ಲೇ ದೇಹ ಚಲನೆಗೆ ಒಗ್ಗಬೇಕು.

ಎಷ್ಟು ನಿಮಿಷ ನಡೆದರೆ ನೋವು ಏರುತ್ತದೆ ನೋಡಿಕೊಳ್ಳಿ. 10 ನಿಮಿಷ ಅಂದರೆ 7ಕ್ಕೇ ನಿಲ್ಲಿಸಿ, ದಿನಕ್ಕೆ ಎರಡು ಮೂರು ಸಲ. ನಾಲ್ಕೈದು ದಿನಕ್ಕೊಂದು ನಿಮಿಷ ಸೇರಿಸಿ. ಕಷ್ಟವಿರುವುದು ಹಾಯಾಗಿರುವ ದಿನದಲ್ಲಿ: ಇವತ್ತು ಚೆನ್ನಾಗಿದೆ ಅಂತ ಅರ್ಧ ತಾಸು ನಡೆದು ಮನೆಗೆಲಸವನ್ನೂ ಮುಗಿಸಿದರೆ ಮುಂದಿನ ಮೂರು ದಿನ ಹಾಸಿಗೆ. ನೋವಿನ ಮಟ್ಟ ನೋಡಿ ನಿಲ್ಲಿಸುವುದಲ್ಲ, ಗಡಿಯಾರ ನೋಡಿ. ಡೋಸ್ ಇಳಿಸಿದ ವಾರ ನಿಮಿಷ ಹೆಚ್ಚಿಸಬೇಡಿ, ಆದರೆ ಪೂರ್ತಿ ನಿಲ್ಲಿಸಲೂಬೇಡಿ. ಶಾಖವನ್ನು ಬಟ್ಟೆಯ ಮೇಲಿಂದ 15-20 ನಿಮಿಷ ಕೊಡಬಹುದು.

ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ತೊಡೆಸಂದು, ಗುದದ ಸುತ್ತ ಮರಗಟ್ಟಿದರೆ, ಕಾಲಿನ ಶಕ್ತಿ ಕುಂದುತ್ತಿದ್ದರೆ ಅದು ವಿತ್‌ಡ್ರಾಯಲ್ ಅಲ್ಲ. ಕಾಯದೆ ಅದೇ ಹೊತ್ತಿನಲ್ಲಿ ತುರ್ತು ಚಿಕಿತ್ಸೆಗೆ ಹೋಗಿ.

ವೈದ್ಯರೊಬ್ಬರು:

ನೋವಿನ ಬೇರೆ ಔಷಧಿಗಳ ವಿಷಯ. ಪ್ಯಾರಾಸಿಟಮಾಲ್ ಒಟ್ಟು ದಿನಕ್ಕೆ 4 ಗ್ರಾಂ ದಾಟಬಾರದು; ತಿಂಗಳುಗಟ್ಟಲೆ ತೆಗೆದುಕೊಳ್ಳುವುದಾದರೆ 3 ಗ್ರಾಂ ಒಳಗಿರಲಿ, ಲಿವರ್ ತೊಂದರೆಯಿದ್ದರೆ ಇನ್ನೂ ಕಡಿಮೆ. ನೀವು ತರುವ ಬೇರೆ ಮಾತ್ರೆಗಳಲ್ಲಿ ಅದು ಈಗಾಗಲೇ ಸೇರಿದೆಯೇ ನೋಡಿ. ಡೈಕ್ಲೊಫೆನಾಕ್ ಗುಂಪಿನವು ಮೂತ್ರಪಿಂಡ, ಹೊಟ್ಟೆಹುಣ್ಣು, ಬಿಪಿ ಇರುವವರಿಗೆ ಸಲ್ಲವು.

ಕಾಲಿಗೆ ಇಳಿಯುವ ನರದ ನೋವು, ದೀರ್ಘ ಬೆನ್ನುನೋವಿಗೆ ಡುಲೊಕ್ಸೆಟಿನ್ ಎಂಬ ಖಿನ್ನತೆಯ ಔಷಧಿಯನ್ನು ಯೋಚಿಸುತ್ತೇವೆ. ಆದರೆ ಟ್ರಮಡಾಲ್ ನಡೆಯುತ್ತಿರುವಾಗ ಅದನ್ನು ಸೇರಿಸುವುದು ಎಚ್ಚರದ ಕೆಲಸ. ಎರಡೂ ಸೆರೊಟೋನಿನ್ ಹೆಚ್ಚಿಸುತ್ತವೆ: ಜ್ವರ, ನಡುಕ, ಸ್ನಾಯು ಬಿಗಿತ, ಗೊಂದಲ ಬಂದರೆ ತುರ್ತು ಸ್ಥಿತಿ. ಜೊತೆಗೆ ಟ್ರಮಡಾಲ್ ದೇಹದಲ್ಲಿ ಸಕ್ರಿಯ ರೂಪಕ್ಕೆ ಬರುವುದನ್ನು ಡುಲೊಕ್ಸೆಟಿನ್ ತಡೆಯುವುದರಿಂದ, ಡೋಸ್ ಇಳಿಸದೆಯೇ ವಿತ್‌ಡ್ರಾಯಲ್ ಬರಬಹುದು. ಅದೇ ಬಗೆಯ ಅಮಿಟ್ರಿಪ್ಟಿಲಿನ್‌ಗೂ ಎಚ್ಚರ ಬೇಕು. ಅದಕ್ಕೂ ಟ್ರಮಡಾಲ್‌ಗೂ ಫಿಟ್ಸ್‌ನ ಅಪಾಯ ಇದೆ. ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್‌ಗಳನ್ನು ಒಪಿಯಾಯ್ಡ್ ಜೊತೆ ತೆಗೆದುಕೊಂಡರೆ ಉಸಿರಾಟ ಕುಗ್ಗುವ ಭಯ. ಇದಕ್ಕೇ ಎಲ್ಲ ಔಷಧಿಯನ್ನೂ ಒಬ್ಬರೇ ವೈದ್ಯರು ಬರೆಯಲಿ ಎನ್ನುವುದು.

ಆಲ್‌ಪ್ರಜೋಲಮ್ ಬಗ್ಗೆ ನನಗೆ ಹೆಚ್ಚು ಆತಂಕ. ಒಪಿಯಾಯ್ಡ್ ಜೊತೆ ಅದು ಉಸಿರಾಟ ನಿಲ್ಲಿಸಬಲ್ಲದು, ಮದ್ಯ ಸೇರಿದರೆ ಇನ್ನೂ ಬೇಗ. ಹಾಗೆಂದು ನೀವಾಗಿ ನಿಲ್ಲಿಸಬೇಡಿ, ತಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ಎರಡನ್ನೂ ಒಟ್ಟಿಗೆ ಇಳಿಸಬೇಡಿ. ಯಾವುದು ಮೊದಲು ಎಂದು ನಿಮ್ಮ ವೈದ್ಯರು ನಿರ್ಧರಿಸಲಿ. ಟ್ರಮಡಾಲ್ ಇಳಿಯುವಾಗ ನಿದ್ರೆ ಕೆಡುವುದು ಖಂಡಿತ. ಆಗ ಆಲ್‌ಪ್ರಜೋಲಮ್ ಒಂದರ ಬದಲು ಎರಡು ಎಂದು ಮಾತ್ರ ಆಗಬಾರದು.

ಗರ್ಭಿಣಿಯರು ಸ್ವಂತವಾಗಿ ಇಳಿಸಲೇಬಾರದು. ಒಪಿಯಾಯ್ಡ್ ಬೇಗ ಇಳಿಸಿದವರಲ್ಲಿ ತೀವ್ರ ಖಿನ್ನತೆ, ಆತ್ಮಹತ್ಯೆಯ ಯೋಚನೆ ಬಂದದ್ದಿದೆ. ಅಂಥ ಯೋಚನೆ ಒಮ್ಮೆ ಸುಳಿದರೂ ಇಳಿಕೆ ಅಲ್ಲಿಗೇ ನಿಲ್ಲಲಿ, ಮನೆಯವರಿಗೆ ಹೇಳಿ, ಅದೇ ದಿನ ವೈದ್ಯರನ್ನು ಕಾಣಿ. ಎಷ್ಟು ನಿಧಾನಿಸಿದರೂ ಆಗದವರಿಗೆ ಬ್ಯುಪ್ರೆನಾರ್ಫಿನ್ ಎಂಬ ಇನ್ನೊಂದು ಒಪಿಯಾಯ್ಡ್‌ನ ದಾರಿ ಇದೆ. ಅದನ್ನು ಶುರು ಮಾಡುವ ಸಮಯ ತಪ್ಪಿದರೆ ಅದೇ ವಿತ್‌ಡ್ರಾಯಲ್ ತರಿಸುತ್ತದೆ, ಆದ್ದರಿಂದ ಅನುಭವವಿರುವವರೇ ಶುರು ಮಾಡಬೇಕು.

ಮತ್ತೆ ಫಾರ್ಮಸಿಸ್ಟ್:

ಎರಡು ಬಿಟ್ಟುಹೋಗಿತ್ತು. ಕೋಡೀನ್ ಇರುವ ಕೆಮ್ಮಿನ ಸಿರಪ್ ಕೂಡ ಒಪಿಯಾಯ್ಡ್. ಇಳಿಸುವ ತಿಂಗಳುಗಳಲ್ಲಿ ಕೆಮ್ಮಿಗೆ ಔಷಧಿ ಕೊಳ್ಳುವಾಗ ಕೇಳಿ ಕೊಳ್ಳಿ.

ಇನ್ನೊಂದು, ಡೋಸ್ ಇಳಿದಂತೆ ತಡೆದುಕೊಳ್ಳುವ ಶಕ್ತಿಯೂ ಇಳಿಯುತ್ತದೆ. ಆರು ತಿಂಗಳ ಮೇಲೆ ಒಂದು ಕೆಟ್ಟ ರಾತ್ರಿ "ಮೊದಲು ತೆಗೆದುಕೊಳ್ಳುತ್ತಿದ್ದಷ್ಟೇ ತಾನೇ" ಎಂದು ಹಳೆಯ ಡೋಸ್ ನುಂಗಿದರೆ ಅದೇ ಮಿತಿಮೀರಿದ ಡೋಸ್ ಆಗಬಹುದು, ಆಲ್‌ಪ್ರಜೋಲಮ್ ಜೊತೆಗಂತೂ ಇನ್ನೂ ಅಪಾಯ. ಪ್ರತಿ ಇಳಿಕೆಯಲ್ಲೂ ಉಳಿದ ಹಳೆಯ ಕ್ಯಾಪ್ಸೂಲ್‌ಗಳನ್ನು ಔಷಧಿ ಅಂಗಡಿಗೆ ಹಿಂತಿರುಗಿಸಿ. ಒಪಿಯಾಯ್ಡ್ ಮಿತಿಮೀರಿದಾಗ ಕೊಡುವ ನಲೊಕ್ಸೋನ್ ಮೂಗಿನ ಸ್ಪ್ರೇ ಸಿಗುವುದಾದರೆ ಮನೆಯಲ್ಲಿಡಿ, ಬಳಸುವುದನ್ನು ಮನೆಯವರಿಗೆ ತೋರಿಸಿಕೊಡಿ. ಟ್ರಮಡಾಲ್‌ನ ಪರಿಣಾಮವನ್ನು ಅದು ಭಾಗಶಃ ಮಾತ್ರ ತಿರುಗಿಸುತ್ತದೆ, ಆಲ್‌ಪ್ರಜೋಲಮ್‌ನದ್ದನ್ನು ಏನೂ ಮಾಡದು. ಆದ್ದರಿಂದ ಸ್ಪ್ರೇ ಕೊಟ್ಟ ಮೇಲೂ ಆಂಬುಲೆನ್ಸ್ ಕರೆಯಲೇಬೇಕು.