ಫೋರ್ಟ್ ಪೋರ್ಟಲ್‌ನ ಚಹಾ ತೋಟ ಬಿಡಬೇಡಿ

ಅತ್ತಿಗೆ, ನಿಮ್ಮ ಮೆಸೇಜ್ ಈಗ ತಾನೇ ಕೇಳಿದೆ. ಡಿಸೆಂಬರ್‌ನಲ್ಲಿ ನೀವೆಲ್ಲ ಉಗಾಂಡಾಕ್ಕೆ ಬಂದಾಗ ಕಿಬಾಲೆ ಕಾಡಿನ ಚಿಂಪಾಂಜಿ ನೋಡಿದರೆ ಸಾಕು, ಪಕ್ಕದ ಚಹಾ ತೋಟಕ್ಕೆ ಒಂದು ದಿನ ಯಾಕೆ, ಊಟಿ ಮುನ್ನಾರ್ ನೋಡಿಯಾಗಿದೆ ಅಲ್ವಾ ಅಂತ ಕೇಳಿದ್ದೀರಿ. ಅದರ ಕೆಳಗೇ ಸಿದ್ದಾಪುರದ ದೊಡ್ಡಪ್ಪ, ಅಲ್ಲಿ ಆನೆ ತೋಟಕ್ಕೆ ನುಗ್ಗುವುದಿಲ್ವಾ ಅಂತ ಕೇಳಿದ್ದಾರೆ. ಇಬ್ಬರಿಗೂ ಸೇರಿಸಿಯೇ ಹೇಳುತ್ತೇನೆ. ಉದ್ದ ಆಗುತ್ತದೆ, ಕೆಲಸ ಮಾಡಿಕೊಳ್ಳುತ್ತಾ ಕೇಳಿ.

ತೋಟ ಬಿಡಬೇಡಿ. ಕಿಬಾಲೆ ಒಳಗೆ ಏನಿದೆ ಅಂತ ಗೈಡ್ ತೋರಿಸುತ್ತಾನೆ. ಆ ಕಾಡು ಹೇಗೆ ಉಳಿದಿದೆ, ಯಾರ ಪಕ್ಕದಲ್ಲಿ ಬದುಕುತ್ತಿದೆ ಅನ್ನುವುದು ಗೊತ್ತಾಗುವುದು ಅದರ ಅಂಚಿನಲ್ಲಿ. ಆ ಅಂಚು ಎಷ್ಟೋ ಕಡೆ ಚಹಾ ತೋಟವೇ.

ಕಂಪಾಲಾದಿಂದ ಮಿತ್ಯಾನಾ, ಮುಬೆಂಡೆ ಮೇಲೆ ಕಿಬಾಲೆ ಹತ್ತಿರದ ಊರಾದ ಫೋರ್ಟ್ ಪೋರ್ಟಲ್‌ಗೆ ಸುಮಾರು 300 ಕಿಲೋಮೀಟರ್. ಐದು ಗಂಟೆ ಹಿಡಿಯುತ್ತದೆ, ರಸ್ತೆ ಚೆನ್ನಾಗಿದೆ. ಕ್ಯೆಂಜೋಜೋ ಬಂತು ಅಂದರೆ ಎರಡೂ ಕಡೆ ಚಹಾ. ಆಮೇಲೆ ಹೆದ್ದಾರಿಯೇ ಕಿಬಾಲೆ ಪಾರ್ಕಿನ ಉತ್ತರದ ತುದಿಯನ್ನು ಸೀಳಿಕೊಂಡು ಹೋಗುತ್ತದೆ. ಆ ಜಾಗದ ಹೆಸರು ಸೆಬಿಟೋಲಿ. ಅಲ್ಲಿ ಗಾಡಿ ನಿಧಾನ ಮಾಡಿಸಿ, ಚಿಂಪಾಂಜಿಗಳು ಆ ಟಾರ್ ರಸ್ತೆ ದಾಟಿಯೇ ಓಡಾಡಬೇಕು. ಫೋರ್ಟ್ ಪೋರ್ಟಲ್ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಸಮಭಾಜಕ ವೃತ್ತದ ಹತ್ತಿರ ಅಂತ ಬರೀ ಹತ್ತಿ ಬಟ್ಟೆ ತರಬೇಡಿ, ಬೆಳಗ್ಗೆ ಸ್ವೆಟರ್ ಬೇಕು. ಡಿಸೆಂಬರ್ ಹೊತ್ತಿಗೆ ಮಳೆ ಕಡಿಮೆಯಾಗಿರುತ್ತದೆ. ಮೋಡ ಸರಿದರೆ ರುವೆಂಜೋರಿ ಬೆಟ್ಟಗಳು ಕಾಣುತ್ತವೆ, ತುದಿ 5,109 ಮೀಟರ್, ಮೇಲೆ ಹಿಮ.

ದೊಡ್ಡಪ್ಪ, ಈಗ ನಿಮ್ಮ ಆನೆ ವಿಷಯ. ಕಿಬಾಲೆಯಲ್ಲಿ ಆನೆ ಇವೆ. ಆದರೆ ಅವು ಚಹಾ ತಿನ್ನುವುದಿಲ್ಲ. ನಿಮ್ಮ ಕಾಫಿ ತೋಟದಲ್ಲಿ ನೆರಳಿದೆ, ಹಲಸಿದೆ, ಕೆರೆಯಿದೆ. ಆನೆ ಬಂದರೆ ದಿನಗಟ್ಟಲೆ ಅಲ್ಲೇ ಠಿಕಾಣಿ ಹೂಡುತ್ತದೆ, ಬೆಳಗ್ಗೆ ಕೆಲಸದವರನ್ನು ತೋಟಕ್ಕೆ ಕಳಿಸಲೂ ಭಯ. ಇಲ್ಲಿಯ ಚಹಾ ತೋಟದಲ್ಲಿ ಸೊಂಟದೆತ್ತರದ ಗಿಡ ಬಿಟ್ಟರೆ ಏನೂ ಇಲ್ಲ. ತಿನ್ನಲು ಹಣ್ಣಿಲ್ಲ, ಅಡಗಲು ಮರೆಯಿಲ್ಲ. ಆನೆ ದಾಟಿ ಹೋಗುತ್ತದೆ, ನಿಲ್ಲುವುದಿಲ್ಲ. ನಾನು ಸಾಲುಗಳ ನಡುವೆ ಲದ್ದಿ ನೋಡಿದ್ದೇನೆ, ಅದರಲ್ಲಿ ನಾರು ಎದ್ದು ಕಾಣುತ್ತಿತ್ತು. ಪಕ್ಕದಲ್ಲಿ ಒಂದೆರಡು ಗಿಡ ಮುರಿದು ಅಡ್ಡ ಬಿದ್ದಿದ್ದವು. ಒಂದು ಎಲೆಗೂ ಬಾಯಿ ಹಾಕಿರಲಿಲ್ಲ.

ಅದಕ್ಕೇ ಕಾಡಂಚಿಗೆ ಚಹಾ ಒಳ್ಳೆಯದು ಅನ್ನುವ ಮಾತು ಈ ಭಾಗದಲ್ಲಿ ಜಾಸ್ತಿ ಕೇಳುತ್ತದೆ. ಪಕ್ಕದ ಕೀನ್ಯಾದಲ್ಲಂತೂ 1986ರಲ್ಲಿ ಸರ್ಕಾರವೇ ಇದನ್ನು ಕೈಗೆತ್ತಿಕೊಂಡಿತು. ನ್ಯಾಯೋ ಟೀ ಝೋನ್ ಅಂತ ಹೆಸರು. ಜನ ಕಾಡು ಒತ್ತುವರಿ ಮಾಡದಿರಲಿ ಅಂತ ಕಾಡಿನ ಗಡಿಯುದ್ದಕ್ಕೂ ಚಹಾ ಪಟ್ಟಿ ಬೆಳೆಸಿದರು.

ಆದರೆ ಚಹಾ ಮುಗಿದು ಮೆಕ್ಕೆಜೋಳ, ಬಾಳೆ ಶುರುವಾಗುವ ಕಡೆ ನಿಮ್ಮಲ್ಲಿಯ ಪಾಡೇ. ಆನೆ ಕಂದಕ ತೋಡಿದ್ದಾರೆ. ಜನ ರಾತ್ರಿ ಕಾವಲು ಕೂರುತ್ತಾರೆ. ಆನೆ ಅಪರೂಪಕ್ಕೆ ಬಂದು ಒಂದೇ ರಾತ್ರಿ ಹೊಲ ಮುಗಿಸುತ್ತದೆ, ಬಬೂನ್ ಮತ್ತು ಕಾಡುಹಂದಿ ದಿನವೂ ಸ್ವಲ್ಪ ಸ್ವಲ್ಪ ತಿನ್ನುತ್ತವೆ. ಕಾಡಿಗೆ ಅಂಟಿಕೊಂಡ ಹೊಲದವರಿಗೇ ಪೆಟ್ಟು ಹೆಚ್ಚು. ಹಾಗಾದರೆ ಎಲ್ಲರೂ ಚಹಾ ಹಾಕಲಿ ಅಂತ ಹೇಳುವುದು ಸುಲಭ. ಒಂದೆಕರೆ ಇರುವವನು ಮೊದಲು ಮನೆಯ ಊಟಕ್ಕೆ ಬೆಳೆಯಬೇಕಲ್ಲ. ಸಾಲದ್ದಕ್ಕೆ ಈಚಿನ ವರ್ಷಗಳಲ್ಲಿ ಹಸಿ ಎಲೆಯ ಬೆಲೆ ಬಿದ್ದು, ಚಹಾ ನಂಬಿದ ಸಣ್ಣ ರೈತರೂ ಕಂಗಾಲಾಗಿದ್ದಾರೆ. ಇವರ ಕಷ್ಟಕ್ಕೆ ಕಿವಿಗೊಡದೆ ಕಾಡು ಉಳಿಸುತ್ತೇವೆ ಅನ್ನುವುದು ನ್ಯಾಯ ಅಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ. 1993ರಲ್ಲಿ ಕಿಬಾಲೆ ರಾಷ್ಟ್ರೀಯ ಉದ್ಯಾನ ಆಯಿತು. ಅದಕ್ಕೆ ಹಿಂದಿನ ವರ್ಷವೇ ಅಲ್ಲಿ ನೆಲೆಸಿದ್ದ ಸಾವಿರಾರು ಜನರನ್ನು ಎಬ್ಬಿಸಿ ಕಳಿಸಿದ್ದರು. ನಾಗರಹೊಳೆ ಪಕ್ಕ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚಹಾದಿಂದ ಕಾಡಿಗೆ ಒಳ್ಳೆಯದೇ ಆಗುತ್ತದೆ ಅಂತಲೂ ತಿಳಿಯಬೇಡಿ. ಸೆಬಿಟೋಲಿಯಲ್ಲಿ ಫ್ರಾನ್ಸ್‌ನ ಪಶುವೈದ್ಯೆ ಸಬ್ರೀನಾ ಕ್ರೀಫ್ ಮತ್ತು ಅವರ ತಂಡ ವರ್ಷಗಳಿಂದ ಚಿಂಪಾಂಜಿಗಳ ಅಧ್ಯಯನ ಮಾಡುತ್ತಿದ್ದಾರೆ. ಅವು ರಾತ್ರಿ ಕತ್ತಲಲ್ಲಿ ಜೋಳದ ಹೊಲಕ್ಕೆ ಬರುವುದು ಇವರ ಕ್ಯಾಮೆರಾದಲ್ಲಿ ಸಿಕ್ಕಿತು. ಚಿಂಪಾಂಜಿ ಹಗಲಿನ ಪ್ರಾಣಿ, ಮನುಷ್ಯನ ಕಣ್ಣು ತಪ್ಪಿಸಲು ರಾತ್ರಿಯ ಅಭ್ಯಾಸ ಮಾಡಿಕೊಂಡಿದೆ. ಅಲ್ಲಿಯ ಕೆಲವು ಚಿಂಪಾಂಜಿಗಳ ಮೂಗು, ತುಟಿ ಸರಿಯಾಗಿ ಬೆಳೆದಿಲ್ಲ. ಸುತ್ತಲಿನ ಹೊಲ, ತೋಟಗಳ ಕೀಟನಾಶಕ ಇದಕ್ಕೆ ಕಾರಣ ಇರಬಹುದು ಅಂತ ಈ ತಂಡ 2017ರಲ್ಲಿ ಪ್ರಕಟಿಸಿತು. ಇರಬಹುದು ಅಂತಲೇ ಹೇಳಿದ್ದು, ಸಾಬೀತಾಗಿದೆ ಅಂತಲ್ಲ. ಆದರೂ ತೋಟಕ್ಕೆ ಹೋದಾಗ ಏನು ಸಿಂಪಡಿಸುತ್ತೀರಿ ಅಂತ ಕೇಳಿ. ಕೃಷಿ ಮನೆತನದವರು ನೀವು, ಕೇಳಲು ಸಂಕೋಚ ಬೇಡ.

ಅತ್ತಿಗೆ, ನಿಮಗೆ ಇಷ್ಟ ಆಗುವುದು ಕೊಯ್ಲು ಮತ್ತು ಫ್ಯಾಕ್ಟರಿ. ಬೆಳಗ್ಗೆ ಬೇಗ ಹೋಗಬೇಕು. ಇಬ್ಬನಿಗೆ ಗಿಡ ಒದ್ದೆಯಾಗಿರುತ್ತದೆ, ಅದಕ್ಕೇ ಕೊಯ್ಯುವವರು ಸೊಂಟಕ್ಕೆ ದಪ್ಪ ಪ್ಲಾಸ್ಟಿಕ್ ಕಟ್ಟಿಕೊಂಡಿರುತ್ತಾರೆ. ಎರಡೆಲೆ ಒಂದು ಮೊಗ್ಗು, ಎರಡೂ ಕೈಯಲ್ಲಿ ಚಿವುಟಿ ಹಿಡಿ ತುಂಬಿದ ಕೂಡಲೇ ಬೆನ್ನಿನ ಬುಟ್ಟಿಗೆ. ಕೂಲಿ ಕಿಲೋ ಲೆಕ್ಕದಲ್ಲಿ. ಆದ್ದರಿಂದ ತೂಕದ ಹೊತ್ತಿಗೆ ಎಲ್ಲರ ಕಣ್ಣೂ ತಕ್ಕಡಿ ಮೇಲೆ. ಆಗ ಫೋಟೋ ಅಂತ ಅಡ್ಡ ನಿಲ್ಲಬೇಡಿ. ಮೊದಲಿನಿಂದಲೂ ಕೆಲಸಕ್ಕೆ ಬಹಳ ಜನ ಬರುವುದು ದೂರದ ನೈರುತ್ಯದ ಕಿಗೇಜಿ ಕಡೆಯಿಂದ.

ಫ್ಯಾಕ್ಟರಿಗೆ ಮೊದಲೇ ಹೇಳಿಸಿರಬೇಕು. ಇಲ್ಲಿ ಬಹುಪಾಲು ಸಿಟಿಸಿ ಚಹಾ, ನಾವು ಮನೆಯಲ್ಲಿ ಕುದಿಸುವ ಅದೇ ಕಾಳು ಕಾಳು ಪುಡಿ. ಬಾಡಿಸಿದ ಎಲೆ ರೋಲರ್‌ಗಳಿಂದ ಹೊರಬಂದಾಗ ಸಣ್ಣಗೆ ಹೆಚ್ಚಿದ ಮೆಂತ್ಯ ಸೊಪ್ಪಿನ ಹಾಗಿರುತ್ತದೆ. ಗಂಟೆ ಒಂದೂವರೆ ಗಂಟೆಯೊಳಗೆ ಕಣ್ಣೆದುರೇ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಒಣಗಿಸುವ ಯಂತ್ರ. ಅದಕ್ಕೆ ಉರಿ ನೀಲಗಿರಿ ಸೌದೆಯದು, ತೋಟದ ಪಕ್ಕದಲ್ಲೇ ನೀಲಗಿರಿ ಬೆಳೆಸಿರುತ್ತಾರೆ. ಪುಡಿ ಲಾರಿಯಲ್ಲಿ ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ ಹೋಗಿ ಮೊಂಬಾಸಾದಲ್ಲಿ ಹರಾಜಾಗುತ್ತದೆ. ಕುಡಿಯಲು ಹೋಟೆಲಿನಲ್ಲಿ ಆಫ್ರಿಕನ್ ಟೀ ಅಂತ ಕೇಳಿ. ಶುಂಠಿ ಹಾಕಿದ ಹಾಲಿನ ಚಹಾ, ದೊಡ್ಡಮ್ಮನಿಗೂ ಒಗ್ಗುತ್ತದೆ.

ಇನ್ನೊಂದು ಹೇಳಲೇಬೇಕು. 1972ರ ಆಗಸ್ಟ್‌ನಲ್ಲಿ ಆಗಿನ ಸರ್ವಾಧಿಕಾರಿ ಇದಿ ಅಮೀನ್ ಇಲ್ಲಿದ್ದ ಏಷ್ಯನ್ನರಿಗೆ ದೇಶ ಬಿಡಲು 90 ದಿನ ಕೊಟ್ಟ. ಹೋದವರಲ್ಲಿ ಬಹಳ ಜನ ಗುಜರಾತಿಗಳು. ತೋಟ, ಕಾರ್ಖಾನೆ ನಡೆಸುತ್ತಿದ್ದವರೂ ಹೋದರು. ಆ ವರ್ಷ ಉಗಾಂಡಾದ ಚಹಾ ಸುಮಾರು 23 ಸಾವಿರ ಟನ್, 1980ಕ್ಕೆ ಒಂದೂವರೆ ಸಾವಿರ ಟನ್ನಿಗೆ ಇಳಿಯಿತು. ಕೊಯ್ಯದೆ ಬಿಟ್ಟರೆ ಚಹಾ ಗಿಡ ಗಿಡವಾಗಿ ಉಳಿಯುವುದಿಲ್ಲ, ಮರವಾಗುತ್ತದೆ. ಎಷ್ಟೋ ತೋಟ ಹಾಗೇ ಕಾಡು ಬೆಳೆದು ಹೋದವು. 1986ರ ನಂತರ ಮತ್ತೆ ಕಡಿದು, ಸವರಿ ಎಬ್ಬಿಸಿದ್ದಾರೆ. ಈಗ ಸಮತಟ್ಟಾಗಿ ಕಾಣುವ ಹಸಿರಿನ ಹಿಂದೆ ಎಷ್ಟು ಜನರ ಶ್ರಮ ಇದೆ ಅಂತ ಮಕ್ಕಳಿಗೂ ಹೇಳಿ.

ಚಿಂಪಾಂಜಿ ನೋಡಲು ಕಿಬಾಲೆ ಕಾಡಿನಲ್ಲೇ ಇರುವ ಕನ್ಯಾಂಚುವಿಗೆ ಹೋಗಬೇಕು. 2024ರ ಜುಲೈನಿಂದ ವಿದೇಶಿಯರಿಗೆ ಪರ್ಮಿಟ್ 250 ಡಾಲರ್, ಚಿಂಪಾಂಜಿ ಸಿಕ್ಕ ಮೇಲೆ ಒಂದು ಗಂಟೆ ಜೊತೆಗಿರಬಹುದು. ನೆಗಡಿ ಜ್ವರ ಇದ್ದರೆ ಬಿಡುವುದಿಲ್ಲ, ನಮ್ಮ ಕಾಯಿಲೆ ಅವಕ್ಕೂ ತಗಲುತ್ತದೆ. ಅಷ್ಟು ನಡೆಯಲಾಗದವರಿಗೆ ಹತ್ತಿರದ ಬಿಗೋಡಿ ಜೌಗು ಇದೆ. 1992ರಿಂದ ಊರಿನವರೇ ಸಂಘ ಕಟ್ಟಿ ನಡೆಸುತ್ತಿದ್ದಾರೆ, ಆ ದುಡ್ಡಿನಲ್ಲಿ ಶಾಲೆಯನ್ನೂ ಕಟ್ಟಿದ್ದಾರೆ. ಕೋತಿ, ಹಕ್ಕಿ ಧಾರಾಳ.

ಕೊನೆಯದಾಗಿ ಯೆಲ್ಲೋ ಫೀವರ್ ಇಂಜೆಕ್ಷನ್. ಆ ಕಾರ್ಡ್ ಉಗಾಂಡಾಕ್ಕೆ ಬರಲೂ ಬೇಕು, ಭಾರತಕ್ಕೆ ವಾಪಸ್ ಹೋಗಲೂ ಬೇಕು. ಇಲ್ಲದಿದ್ದರೆ ಊರು ಮುಟ್ಟಿದ ಮೇಲೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಚುಚ್ಚಿಸಿಕೊಂಡು ಹತ್ತು ದಿನ ಆದ ಮೇಲೆಯೇ ಅದು ಲೆಕ್ಕಕ್ಕೆ ಬರುವುದು. 60 ದಾಟಿದವರು ಮೊದಲು ಡಾಕ್ಟರನ್ನು ಕೇಳಿಯೇ ಹಾಕಿಸಿಕೊಳ್ಳಿ. ಮಲೇರಿಯಾ ಮಾತ್ರೆ ಬಗ್ಗೆಯೂ ಆಗಲೇ ಕೇಳಿ. ಯಾರು ಯಾರು ಚಿಂಪಾಂಜಿಗೆ, ಯಾರು ಬಿಗೋಡಿಗೆ ಅಂತ ಈ ವಾರವೇ ಹೇಳಿಬಿಡಿ, ಪರ್ಮಿಟ್ ನಾನು ಇಲ್ಲಿಂದಲೇ ತೆಗೆಸುತ್ತೇನೆ.